ಎಂಟು ಗೆರೆಯ ಕಾರ್ಡು

ಆರ್ಡಿತ್ ಸ್ಟಕಿಗೆ ಯಾವ ಕೆಲಸವನ್ನೂ ಅಡುಗೆ ಕಾರ್ಡಿನ ಮೇಲೆ ಬರೆದುಕೊಳ್ಳದೆ ನಂಬಿಕೆ ಬರುವುದಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಬಿಳಿಯ ಕಾರ್ಡು. ನೆತ್ತಿಯಲ್ಲಿ ಅಡುಗೆಯ ಹೆಸರಿಗೆ ಜಾಗ, ಕೆಳಗೆ ಎಂಟು ನೀಲಿ ಗೆರೆ, ತಳದಲ್ಲಿ ‘ಎಷ್ಟು ಜನಕ್ಕೆ’ ಎಂದು ಅಚ್ಚಾದ ಚಿಕ್ಕ ಸಾಲು. ಅವಳ ತಗಡಿನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಸೇಬಿನ ಪೈಗಳ ನಡುವೆ ಹುಲ್ಲು ಕತ್ತರಿಸುವ ಯಂತ್ರ ಶುರು ಮಾಡುವ ಕ್ರಮ ಇದೆ. ತೀರಿಹೋದ ಅತ್ತೆಯ ಮಾತ್ರೆಗಳ ವೇಳಾಪಟ್ಟಿಯೂ ಇದೆ. ಎಲ್ಲಕ್ಕೂ ಎಂಟೇ ಗೆರೆ. ಎಂಟು ಗೆರೆಯಲ್ಲಿ ಹಿಡಿಯದ ಕೆಲಸ ಅರ್ಧ ಸುಳ್ಳು ಎಂಬುದು ಅವಳ ಅಭಿಪ್ರಾಯ.

ಉತ್ತರ ಇಂಡಿಯಾನಾದ ಈ ಸಣ್ಣ ಊರಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಅವಳ ಎದುರು ಮನೆಯವನು. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ನನ್ನ ಕೆಲಸ. ನಾನೂ ಬೇಗ ಹೊರಡುತ್ತೇನೆ, ಅವಳೂ ಬೇಗ ಹೊರಡುತ್ತಾಳೆ. ಹಾಗಾಗಿ ಪರಸ್ಪರರ ಮುಖಕ್ಕಿಂತ ಕಾರಿನ ದೀಪಗಳೇ ನಮಗೆ ಹೆಚ್ಚು ಪರಿಚಯ.

ಆರ್ಡಿತ್ ಪ್ರಾಥಮಿಕ ಶಾಲೆಯ ಅಡುಗೆಯವಳು. ಮೂರು ವರ್ಷದ ಹಿಂದೆ, ಇದೆಲ್ಲ ನಡೆದಾಗ, ಅವಳು ಅಲ್ಲಿ ಬೆಳಗಿನ ತಿಂಡಿ ಮಾಡತೊಡಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಐದು ಮುಕ್ಕಾಲಿಗೆ ಒಲೆ ಹಚ್ಚಬೇಕು, ಏಳು ಕಾಲಿಗೆ ಇನ್ನೂರ ನಲವತ್ತು ಮಕ್ಕಳ ತಟ್ಟೆಗೆ ಬನ್ನಿನಂಥ ಮೆತ್ತನೆಯ ಬಿಸಿ ಬಿಸ್ಕಿಟ್ಟು, ಬಿಳಿ ಗ್ರೇವಿ ಬೀಳಬೇಕು. ಬೆಳಿಗ್ಗೆ ಒಲೆ ಹತ್ತದ ಮನೆಯಿಂದ ಬರುವ ಮಕ್ಕಳು ಯಾರು ಎಂದು ಅವಳಿಗೆ ಗೊತ್ತು. ಆ ತಟ್ಟೆಗಳಿಗೆ ಎರಡು ಬಿಸ್ಕಿಟ್ಟು. ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಹಸು ಸಾಕಿದ ಮನೆಯಲ್ಲಿ ಬೆಳೆದವಳು. ಆರನೆಯ ವಯಸ್ಸಿಗೇ ಹಾಲು ಕರೆದ ಕೈ. ಆ ಕೈಗೆ ಅರವತ್ತರ ಮೇಲೆ ಸಂಧಿವಾತ ಬಂತು. ಬೆರಳ ಗೆಣ್ಣುಗಳು ಊದಿ, ಬೆರಳುಗಳು ಒಂದೇ ಕಡೆಗೆ ವಾಲಿದವು. ತಟ್ಟೆಗಳ ರಾಶಿಯನ್ನು ಅವಳೀಗ ಬೆರಳಲ್ಲಿ ಹಿಡಿಯುವುದಿಲ್ಲ, ಮುಂಗೈಗಳ ಮೇಲೆ ಹೊರುತ್ತಾಳೆ. ಹಿಟ್ಟನ್ನು ಆಗ ಮುಷ್ಟಿಯಿಂದ ನಾದುತ್ತಿದ್ದಳು. ಹೇಗೋ ಎಲ್ಲಕ್ಕೂ ಒಂದು ದಾರಿ ಮಾಡಿಕೊಂಡಿದ್ದಳು. ಕೈಕೊಟ್ಟದ್ದು ಕಾರಿನ ಬಾಗಿಲು.

ಹದಿನಾಲ್ಕು ವರ್ಷದ ಬೂದು ಬಣ್ಣದ ಕಾರು ಅದು. ಅವಳಿಗೂ ಗಂಡ ವರ್ಲಿನ್‌ಗೂ ಅದೊಂದೇ. ಎರಡು ರಿಮೋಟ್‌ಗಳಲ್ಲಿ ವರ್ಲಿನ್‌ನದು ಗುಂಡಿ ಸವೆದು ಹಿಂದಿನ ವರ್ಷವೇ ಸತ್ತಿತ್ತು. ಆರ್ಡಿತ್‌ಳದು ಆ ಅಕ್ಟೋಬರಿನಲ್ಲಿ ಏಪ್ರನ್ನಿನ ಜೇಬಿನಲ್ಲೇ ಉಳಿದು ಬಟ್ಟೆಯೊಂದಿಗೆ ಒಗೆಸಿಕೊಂಡಿತು. ಆಮೇಲೆ ಉಳಿದದ್ದು ಬರೀ ಕೀ. ಒಳಗೆ ಕಾರು ಶುರು ಮಾಡುವ ಕಡೆ ಕೀ ಸಲೀಸಾಗಿ ತಿರುಗುತ್ತಿತ್ತು. ಬಾಗಿಲಿನ ಬೀಗಕ್ಕೆ ಮಾತ್ರ ಹದಿನಾಲ್ಕು ವರ್ಷದಿಂದ ಯಾರೂ ಕೀ ತೋರಿಸಿರಲಿಲ್ಲ. ಅದು ಒಳಗೇ ಬಿಗಿದು ಕೂತಿತ್ತು. ನಾನು ಗ್ರಾಫೈಟ್ ಪುಡಿ ಊದಿ ನೋಡಿದೆ, ಹೆಚ್ಚೇನೂ ಸಡಿಲವಾಗಲಿಲ್ಲ. ಬೀಗ ಹಾಕದೆ ಬಿಡೋಣವೆಂದರೆ ಆ ವರ್ಷ ನಮ್ಮ ಬೀದಿಯಲ್ಲೇ ಎರಡು ಕಾರು ಕಳುವಾಗಿದ್ದವು.

ನವೆಂಬರಿನ ಮೊದಲ ಗಟ್ಟಿ ಚಳಿ ಒಂದು ಗುರುವಾರ ಬಂತು. ಅಂದು ಆರ್ಡಿತ್ ಇಪ್ಪತ್ತು ನಿಮಿಷ ಬಾಗಿಲ ಜೊತೆ ಗುದ್ದಾಡಿದಳು. ಕೊನೆಗೆ ವರ್ಲಿನ್ ಚಪ್ಪಲಿಯಲ್ಲೇ ಹೊರಬಂದು ತೆಗೆದುಕೊಟ್ಟ. ಶಾಲೆಯಲ್ಲಿ ಅವತ್ತು ಮಕ್ಕಳಿಗೆ ಒಣ ಸೀರಿಯಲ್.

ಅಂದು ಸಂಜೆ ಅವರ ಅಡುಗೆಮನೆಯಲ್ಲಿ ನಾನೂ ಇದ್ದೆ. ಏಣಿ ಹಿಂತಿರುಗಿಸಲು ಹೋದವನನ್ನು ಕಾಫಿಗೆ ಕೂರಿಸಿಕೊಂಡಿದ್ದರು.

“ಸಾಕು ಕಣೇ,” ಎಂದ ವರ್ಲಿನ್. “ಇಪ್ಪತ್ತೊಂಬತ್ತು ವರ್ಷ ಆಯ್ತು. ಮೂವತ್ತಕ್ಕೆ ಯಾರೂ ನಿನ್ನ ಪುತ್ಥಳಿ ನಿಲ್ಲಿಸಲ್ಲ.”

“ಒಂದು ದಿನ ತಡ ಆಗಿದ್ದಕ್ಕೆ ಇಷ್ಟು ಉದ್ದ ಭಾಷಣ.”

“ಒಂದು ದಿನ ಅಲ್ಲ. ಜನವರಿ ಬರಲಿ, ಗೊತ್ತಾಗುತ್ತೆ. ನೋಡು, ಇನ್ನೊಂದು ಸಲ ನಾನು ಬಂದು ಆ ಬಾಗಿಲು ತೆಗೆಯೋ ಹಾಗಾದ್ರೆ, ಕ್ರಿಸ್‌ಮಸ್‌ಗೆ ಏಪ್ರನ್ ವಾಪಸ್ ಕೊಟ್ಟುಬಿಡಬೇಕು.”

ಆರ್ಡಿತ್ ಕಾಫಿ ಲೋಟ ಕೆಳಗಿಟ್ಟಳು. “ತೆಗೆಯೋ ಹಾಗಾಗದಿದ್ರೆ?”

“ಆಗದಿದ್ರೆ ನಿನ್ನ ಕೆಲಸದ ಮಾತು ನಾನು ಎತ್ತಲ್ಲ.”

“ಸೋಮವಾರದಿಂದ ಲೆಕ್ಕ,” ಎಂದು ಆರ್ಡಿತ್ ವಾಲಿದ ಬೆರಳುಗಳ ಕೈ ಚಾಚಿದಳು. ವರ್ಲಿನ್ ಅದನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದು ಕುಲುಕಿದ. ಅವನು ಮೂವತ್ತನಾಲ್ಕು ವರ್ಷ ಯಂತ್ರಗಳ ಹಲ್ಲುಚಕ್ರ, ಅಂದರೆ ಗೇರು, ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯವನಾಗಿದ್ದವನು. ಮಾತು ಕೊಟ್ಟರೆ ಕೂದಲೆಳೆಯಷ್ಟೂ ಬಿಡುವವನಲ್ಲ.

ಅವಳು ಆಗಲೇ ಅಂತರ್ಜಾಲದಲ್ಲಿ ಎರಡು ಹೊಸ ರಿಮೋಟ್ ತರಿಸಿದ್ದಳು. ಕಾರು ಮಾರುವವರ ಹತ್ತಿರ ಹೋದರೆ ಒಂದಕ್ಕೇ ನೂರಿಪ್ಪತ್ತು ಡಾಲರ್, ಅದೂ ಶಾಲೆಯ ಹೊತ್ತಿನಲ್ಲೇ ಬರಬೇಕು. ಇವು ಜೋಡಿಗೆ ಹದಿನೆಂಟು. ಮನೆಯಲ್ಲೇ ಕಾರಿಗೆ ಪರಿಚಯಿಸಿಕೊಳ್ಳಬಹುದು ಎಂದು ಪೊಟ್ಟಣದೊಳಗೆ ಒಂದು ಚೀಟಿ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಆರ್ಡಿತ್ ಅದನ್ನು ದೊಡ್ಡ ಅಕ್ಷರದಲ್ಲಿ ಕಾರ್ಡಿಗಿಳಿಸಿದಳು. ಎಂಟು ಕ್ರಮ, ಎಂಟು ಗೆರೆ. ಶನಿವಾರ ಬೆಳಿಗ್ಗೆ ಕಾರ್ಡು ಹಿಡಿದು ಅಂಗಳಕ್ಕಿಳಿದಳು.

ಬಾಗಿಲೆಲ್ಲ ಮುಚ್ಚಿರಬೇಕು. ಕೀ ಹಾಕಿ, ಇಂಜಿನ್ ಶುರು ಮಾಡದೆ, ‘ಆಫ್’ ಸ್ಥಾನದಿಂದ ‘ಆನ್’ ಸ್ಥಾನಕ್ಕೆ ಎಂಟು ಸಲ ತಿರುಗಿಸಬೇಕು. ಎಂಟನೆಯ ಸಲ ‘ಆನ್’ ಸ್ಥಾನದಲ್ಲೇ ನಿಲ್ಲಿಸಬೇಕು. ಎಲ್ಲವೂ ಹತ್ತು ಸೆಕೆಂಡಿನೊಳಗೆ. ಆಗ ಬೀಗಗಳು ತಾವಾಗಿ ಒಮ್ಮೆ ಬಿದ್ದು ಏಳುತ್ತವೆ. ಆ ಮೇಲೆ ಇಪ್ಪತ್ತು ಸೆಕೆಂಡಿನೊಳಗೆ ರಿಮೋಟಿನ ಒಂದು ಗುಂಡಿ ಒತ್ತಬೇಕು.

ಕೀ ತಿರುಗಿಸಲಾಗದ ಕೈಗೆಂದು ತಂದ ವಸ್ತು, ಕೆಲಸಕ್ಕೆ ಬರುವ ಮೊದಲು ಹತ್ತು ಸೆಕೆಂಡಿನಲ್ಲಿ ಎಂಟು ಸಲ ಕೀ ತಿರುಗಿಸು ಎನ್ನುತ್ತಿತ್ತು.

ಆರ್ಡಿತ್ ಐದನೆಯದಕ್ಕೆ ಬರುವಷ್ಟರಲ್ಲಿ ಹತ್ತು ಸೆಕೆಂಡು ಮುಗಿಯುತ್ತಿತ್ತು. ಎರಡೂ ಕೈ ಹಚ್ಚಿದಳು. ಆರು. ತುಟಿ ಕಚ್ಚಿಕೊಂಡು ಮತ್ತೊಮ್ಮೆ. ಮತ್ತೆ ಆರು. ಎಂಟಾಗುವ ಹೊತ್ತಿಗೆ ಹದಿನಾಲ್ಕು ಸೆಕೆಂಡು. ಕಾರು ಗಪ್‌ಚಿಪ್. ನಾನು ರಸ್ತೆ ದಾಟಿ ಬಂದು ಕೈಗಡಿಯಾರದಲ್ಲಿ ಅಳೆಯುತ್ತ ನಿಂತೆ. ಅದರಿಂದ ಅವಳಿಗೆ ಏನೂ ಉಪಕಾರವಾಗಲಿಲ್ಲ.

“ನಾನು ತಿರುಗಿಸ್ತೀನಿ, ಆಚೆ ಸರಿ,” ಎಂದ ವರ್ಲಿನ್ ಕಾರಿನ ಕಿಟಕಿಯ ಬಳಿ.

“ನೀನೇ ಆಚೆ ಸರಿ. ಪಂದ್ಯ ಕಟ್ಟಿದವನು ನೀನು.”

“ಪಂದ್ಯ ಬಾಗಿಲಿಗೆ ಕಣೇ, ಇದಕ್ಕಲ್ಲ!”

“ನಿನ್ನ ಕೈಯಲ್ಲಿ ಆಗಿದ್ದು ಅಂತ ಜೀವನಪೂರ್ತಿ ಹೇಳ್ತೀಯ. ಗೊತ್ತು ನನಗೆ.”

ಪಕ್ಕದ ಮನೆಯಾತ ಎಲೆ ಗುಡಿಸುವುದನ್ನು ಬಿಟ್ಟು ಬೇಲಿಗೆ ಒರಗಿದ. “ನನ್ನ ಟ್ರಕ್ಕಿಗೆ ಬ್ರೇಕ್ ಒತ್ತಿಕೊಂಡು ಮಾಡಬೇಕಿತ್ತಮ್ಮ.”

“ನಿನ್ನ ಟ್ರಕ್ಕು ನನ್ನ ಅಂಗಳದಲ್ಲಿ ನಿಂತಾಗ ಹೇಳು,” ಎಂದಳು ಆರ್ಡಿತ್, ತಲೆ ಎತ್ತದೆ.

ಹನ್ನೊಂದು ಪ್ರಯತ್ನಗಳ ನಂತರ ಅವಳ ಬಲ ಮಣಿಕಟ್ಟು ನಡುಗತೊಡಗಿತು. ಸೀಟಿನಿಂದ ಇಳಿದು ನನ್ನ ಕಡೆ ಬೊಟ್ಟು ಮಾಡಿದಳು. “ನೀನು ಬಾ. ನಿನಗೆ ಈ ಮನೆಯಲ್ಲಿ ಓಟಿಲ್ಲ.”

ನಾನು ತಿರುಗಿಸಿದೆ. ಮೊದಲ ಸಲ ಎಣಿಕೆ ತಪ್ಪಿ ಒಂಬತ್ತಾಯಿತು. ಎರಡನೆಯ ಸಲ ಎಂಟೂವರೆ ಸೆಕೆಂಡಿಗೆ ಎಂಟು. ನಾಲ್ಕೂ ಬಾಗಿಲು ಒಟ್ಟಿಗೆ ‘ಟಕ್’ ಎಂದು ಬೀಗ ಹಾಕಿಕೊಂಡು ತೆರೆದುಕೊಂಡವು. ಆರ್ಡಿತ್ ಗುಂಡಿ ಒತ್ತಿದಳು. ಮತ್ತೆ ಟಕ್. ಆಯಿತು. ನಾನು ಇಳಿದ ಮೇಲೆ ದೂರ ಹೋಗಿ ಒತ್ತಿ ನೋಡಿದಳು; ಕಾರಿನ ಕಣ್ಣು ಮಿಟುಕಿತು.

“ಇನ್ನೊಂದನ್ನೂ ಈಗಲೇ ಮಾಡಿಬಿಡೋಣ,” ಎಂದೆ.

“ಬೇಡ. ಮೊದಲ ಪ್ಯಾನ್‌ಕೇಕ್ ರುಚಿ ನೋಡದೆ ಹಿಟ್ಟೆಲ್ಲ ಹುಯ್ಯಬಾರದು. ಎರಡು ದಿನ ಇದು ಹೇಗಿರುತ್ತೆ ನೋಡ್ತೀನಿ.”

ಪ್ರಯೋಗಾಲಯದಲ್ಲಿ ಸೀಸೆಯ ಚೀಟಿಯನ್ನು ಎರಡು ಸಲ ಓದದೆ ಮುಚ್ಚಳ ತೆಗೆಯದ ನಾನು, ಅಂದು ಮೂಲ ಚೀಟಿ ತೋರಿಸು ಎಂದು ಕೇಳಲಿಲ್ಲ. ಕಾರ್ಡನ್ನೇ ನಂಬಿದೆ. ಅವಳ ಕಾರ್ಡಿನ ಅಡುಗೆ ಅಷ್ಟು ವರ್ಷ ಉಂಡವನಲ್ಲವೆ?

ಸೋಮವಾರ ಐದು ಗಂಟೆಗೆ ನನ್ನ ಕಿಟಕಿಯಾಚೆಯ ಉಷ್ಣಮಾಪಕ ಮೈನಸ್ ಏಳು ತೋರಿಸುತ್ತಿತ್ತು. ಐದೂ ಹದಿನೈದಕ್ಕೆ ನಾನು ಹೊರಬಂದಾಗ ಆರ್ಡಿತ್ ಕಾರಿನ ಪಕ್ಕ ನಿಂತು ಮುಂದಕ್ಕೆ ಚಾಚಿದ ಕೈಯಲ್ಲಿ ರಿಮೋಟ್ ಒತ್ತುತ್ತಿದ್ದಳು. ಒತ್ತಿದಳು. ಬಾಗಿಲಿಗೇ ಮುಟ್ಟಿಸಿ ಒತ್ತಿದಳು. ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಒತ್ತಿದಳು. ಕಾರು ಕಣ್ಣು ಬಿಡಲಿಲ್ಲ.

ನಾನು ರಸ್ತೆ ದಾಟಿದೆ.

“ಮುಟ್ಟಬೇಡ,” ಎಂದಳು. “ಮುಟ್ಟಿದರೆ ನಾನು ಸೋತ ಹಾಗೆ.”

“ಬ್ಯಾಟರಿ ಇರಬಹುದು—”

“ನಿನ್ನೆ ಚರ್ಚಿಗೆ ಹೋಗುವಾಗ ಕೆಲಸ ಮಾಡಿತ್ತು. ಹೊಸದು ಕಣಯ್ಯಾ. ಎರಡು ದಿನಕ್ಕೆ ಸಾಯುತ್ತಾ?” ಕೀಯನ್ನು ಬಾಗಿಲಿಗೆ ಹಾಕಿ ತಿರುಗಿಸಲು ನೋಡಿದಳು. ಬೆರಳು ಜಾರಿತು. ಬೆರಳಿಗೆ ಬಿಸಿಯುಸಿರು ಊದಿಕೊಂಡು ಮತ್ತೆ ಹಿಡಿದಳು. ಜಾರಿತು. “ಐದೂ ಮೂವತ್ತಾರಕ್ಕಾದ್ರೂ ಇಲ್ಲಿಂದ ಬಿಡಬೇಕು,” ಎಂದಳು, ನನಗಲ್ಲ, ಬೀಗಕ್ಕೆ.

ಅಷ್ಟರಲ್ಲಿ ವರಾಂಡದ ದೀಪ ಹತ್ತಿತು. ವರ್ಲಿನ್ ನಿಲುವಂಗಿಯಲ್ಲಿ ಬಂದು ನಿಂತ. “ಇನ್ನೂ ಇಲ್ಲೇ ಇದೀಯಾ? ಏನಾಯ್ತು?” ಎಂದವನು ಜೇಬಿಗೆ ಕೈ ಹಾಕಿ ಏನನ್ನೋ ತೆಗೆದು ಒತ್ತಿದ.

ಕಾರಿನ ದೀಪಗಳು ಮಿಟುಕಿದವು. ನಾಲ್ಕೂ ಬಾಗಿಲು ತೆರೆದುಕೊಂಡವು.

ಆರ್ಡಿತ್ ಕಾರನ್ನು ನೋಡಿದಳು, ಗಂಡನ ಕೈಯನ್ನು ನೋಡಿದಳು, ತನ್ನ ಕೈಯಲ್ಲಿದ್ದ ರಿಮೋಟನ್ನು ನೋಡಿದಳು. ಪೊಟ್ಟಣದಲ್ಲೇ ಇರಬೇಕಿದ್ದ ಎರಡನೆಯದು ಅವನ ಕೈಯಲ್ಲಿ ಕೆಲಸ ಮಾಡುತ್ತಿತ್ತು. ಅವಳದ್ದು ಸತ್ತಿತ್ತು.

“ಬೀಗ ಹಾಕು,” ಎಂದಳು.

“ತೆಗೆದೆನಲ್ಲೇ, ಹತ್ತು.”

“ವರ್ಲಿನ್. ಬೀಗ ಹಾಕು.”

ಆ ಧ್ವನಿಗೆ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಒತ್ತಿದ, ಬೀಗ ಬಿತ್ತು.

ಆರ್ಡಿತ್ ಹೆಗಲ ಚೀಲವನ್ನು ಕಾರಿನ ಮೂತಿಯ ಮೇಲಿಟ್ಟು ಒಳಗಿಂದ ತನ್ನ ಮರದ ಸೌಟು ತೆಗೆದಳು. ಶಾಲೆಯ ಉಕ್ಕಿನ ಸೌಟು ಅವಳಿಗಾಗದು. ಇದನ್ನು ದಿನಾ ಹೊತ್ತೊಯ್ದು ಹೊತ್ತು ತರುತ್ತಿದ್ದಳು. ಅದರ ಹಿಡಿಯ ತುದಿ ಸವೆದು ಸವೆದು ಪೆನ್ಸಿಲಿನಷ್ಟಾಗಿತ್ತು. ಕೀಯ ತಲೆಯಲ್ಲಿದ್ದ ಅಗಲ ತೂತಿನೊಳಗೆ ಆ ತುದಿ ತೂರಿಸಿದಳು. ಬೆರಳು ಹಚ್ಚಲೇ ಇಲ್ಲ, ಮುಂಗೈಯಿಂದ ಸೌಟನ್ನು ಒತ್ತಿದಳು. ಬೆರಳ ತುದಿಯ ಒಂದು ಸೆಂಟಿಮೀಟರಿನ ಬದಲು ಒಂದು ಗೇಣಿನ ಸನ್ನೆಗೋಲು. ಬಲ ಸಾಕಾಗುತ್ತದೆಂದು ನನಗೆ ಕೂಡಲೇ ಹೊಳೆಯಿತು. ಕೀ ಮುರಿದೀತೆಂಬ ಭಯವೂ ಅಷ್ಟೇ ಬೇಗ ಹೊಳೆಯಿತು. ಮರ ಕಿರ್ ಎಂದಿತು. ಆಮೇಲೆ ಬೀಗ ‘ಟಕ್’ ಎಂದಿತು.

ಅವಳು ಒಳಗೆ ಕೂತು, ಗಾಜಿನ ಮೇಲಿನ ಹಿಮ ಕೆರೆಯಲು ಮಾತ್ರ ಒಮ್ಮೆ ಇಳಿದು, ಹೊರಟುಹೋದಳು. ನನ್ನ ಗಡಿಯಾರದಲ್ಲಿ ಐದೂ ಮೂವತ್ತಮೂರು.

ವರ್ಲಿನ್ ಇನ್ನೂ ರಿಮೋಟ್ ಚಾಚಿಕೊಂಡೇ ನಿಂತಿದ್ದ. “ನಾನೇನು ಮಾಡಿದೆ?” ಎಂದು ನನ್ನನ್ನು ಕೇಳಿದ.

ನನಗೂ ಹೊತ್ತಾಗಿತ್ತು, ಕೆಲಸಕ್ಕೆ ಹೊರಟೆ.

ಮಧ್ಯಾಹ್ನ ಮೂರು ಗಂಟೆಗೆ ನಾನು ಮನೆಗೆ ಬಂದಾಗ ಅವನು ನನ್ನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ. “ಬಂದಿದಾಳೆ. ಒಂದೇ ಮಾತು ಆಡಿದ್ದು. ‘ಗೆಲ್ಲೋದಕ್ಕೆ ಇಷ್ಟು ಕೆಳಗೆ ಇಳೀತೀಯ ಅಂದ್ಕೊಂಡಿರಲಿಲ್ಲ’ ಅಂತ. ಅವಳ ರಿಮೋಟ್ ನಾನೇ ಕೆಡಿಸಿದೆ ಅಂತಾಳೆ ಮಾರಾಯ! ಮೂವತ್ತನಾಲ್ಕು ವರ್ಷ ಕೂದಲೆಳೆ ಹೆಚ್ಚು ಕಮ್ಮಿ ಇದ್ದ ಗೇರನ್ನ ಆಚೆ ಎಸೆದವನು ನಾನು. ನನಗೆ ಮೋಸ!”

“ನಿನ್ನೆ ಏನು ಮಾಡಿದೆ ಹೇಳು. ಮೊದಲಿಂದ.”

“ಅವಳು ಮಧ್ಯಾಹ್ನ ಮಲಗಿದ್ದಳು. ಎರಡನೇದೂ ಮಾಡಿಟ್ಟುಬಿಡೋಣ, ಮತ್ತೆ ಆ ಕೈ ನೋಯಿಸಿಕೊಳ್ಳೋದು ಬೇಡ ಅಂತ ಒಬ್ಬನೇ ಹೋಗಿ ಮಾಡಿದೆ. ಅವಳ ಕಾರ್ಡು ನೋಡಿಕೊಂಡೇ. ಅಕ್ಷರ ಬಿಡದೆ.” ಜೇಬಿನಿಂದ ಕಾರ್ಡು ತೆಗೆದು ಕೊಟ್ಟ.

ಎಂಟು ಕ್ರಮ. ಎಂಟನೆಯದು: ಕೀ ಆರಿಸಿ ಹೊರತೆಗೆಯುವುದು. ಎಲ್ಲ ಸರಿಯಾಗಿತ್ತು. ಅದೇ ನನಗೆ ಸರಿ ಕಾಣಲಿಲ್ಲ.

“ಮೂಲ ಚೀಟಿ ಎಲ್ಲಿ?”

ಹೋಗಿ ಡಬ್ಬಿಯನ್ನೇ ತಂದ. ಚೀಟಿ ಕಟ್ಟಕಡೆಯಲ್ಲಿ, ಮಡಿಸಿಟ್ಟಂತೆಯೇ ಇತ್ತು. ಈ ಬದಿ ಎಂಟು ಕ್ರಮ. ಹಿಂಬದಿ ತಿರುಗಿಸಿದರೆ ಒಂದೇ ಒಂದು ಸಾಲು, ಒಂಬತ್ತು ಎಂಬ ಅಂಕಿಯ ಜೊತೆ: ಬಳಸಬೇಕಾದ ಎಲ್ಲ ರಿಮೋಟ್‌ಗಳನ್ನೂ ಒಂದೇ ಸಲಕ್ಕೆ ಪರಿಚಯಿಸಬೇಕು, ಹೊಸದಾಗಿ ಶುರು ಮಾಡಿದರೆ ಕಾರು ಹಳೆಯದನ್ನೆಲ್ಲ ಮರೆತುಬಿಡುತ್ತದೆ.

ವರ್ಲಿನ್ ಅದನ್ನು ಎರಡು ಸಲ ಓದಿದ. ಕನ್ನಡಕ ತೆಗೆದ. “ನೀನೇ ಬಂದು ಹೇಳು. ನಾನು ಹೇಳಿದ್ರೆ ಈ ಚೀಟೀನೂ ನಾನೇ ಅಚ್ಚು ಹಾಕಿಸಿದೆ ಅಂತಾಳೆ.”

ಆರ್ಡಿತ್ ಅಡುಗೆಮನೆಯಲ್ಲಿ ಎರಡೂ ಕೈಗಳನ್ನು ಬಿಸಿ ಮೇಣದ ಬೋಗುಣಿಯಲ್ಲಿ ಮುಳುಗಿಸಿ ಕೂತಿದ್ದಳು. ಗೆಣ್ಣಿನ ನೋವಿಗೆ ವೈದ್ಯರು ಹೇಳಿದ ಉಪಚಾರ. ಚೀಟಿ ಹಿಡಿಯಲು ಅವಳಿಗೆ ಕೈ ಖಾಲಿಯಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ.

“ಇನ್ನೊಂದು ಸಲ,” ಎಂದಳು.

ಓದಿದೆ.

“ನನ್ನ ಕಣ್ಣೆದುರು ಹಿಡಿ.” ಹಿಡಿದೆ. ತಾನೇ ಓದಿಕೊಂಡಳು. “ಕಾರ್ಡಲ್ಲಿ ಎಂಟೇ ಗೆರೆ ಇರೋದು,” ಎಂದಳು ಕೊನೆಗೆ.

“ಒಂಬತ್ತನೇದನ್ನ ಬಿಟ್ಟವಳು ನೀನು,” ಎಂದ ವರ್ಲಿನ್ ಬಾಗಿಲಲ್ಲಿ ನಿಂತು. “ಬೈಸಿಕೊಂಡವನು ನಾನು.”

“ನೀನು ಮಾಡಿದ್ದನ್ನ ಬಾಯಿಬಿಟ್ಟು ಹೇಳಿದ್ರೆ ನಿನ್ನೆಯೇ ಗೊತ್ತಾಗ್ತಿತ್ತು.”

“ನಿನಗೆ ಆಶ್ಚರ್ಯ ಆಗಲಿ ಅಂತ—”

“ಆಯ್ತು. ಮೈನಸ್ ಏಳರಲ್ಲಿ ನಿಂತುಕೊಂಡು ಚೆನ್ನಾಗಿ ಆಶ್ಚರ್ಯ ಆಯ್ತು. ನಲವತ್ತೊಂದು ವರ್ಷದಿಂದ ಹೇಳ್ತಾ ಇದೀನಿ, ನನಗೆ ಆಶ್ಚರ್ಯ ಮಾಡಬೇಡ ಅಂತ.” ಆಮೇಲೆ ದನಿ ತಗ್ಗಿತು. “ಕೆಳಗೆ ಇಳಿದೆ ಅಂದಿದ್ದನ್ನ ವಾಪಸ್ ತಗೋತೀನಿ. ಅದನ್ನ ಮಾತ್ರ.”

ಮೇಣ ಸುಲಿದು, ಕೈ ಒರೆಸಿಕೊಂಡು, ಕತ್ತಲಾಗುವ ಮೊದಲು ಎಂದು ಮೂವರೂ ಅಂಗಳಕ್ಕೆ ಹೋದೆವು. ಈ ಸಲ ಆರ್ಡಿತ್ ನನ್ನನ್ನೂ ಮುಟ್ಟಗೊಡಲಿಲ್ಲ. ಸೌಟಿನ ತುದಿಯನ್ನು ಕೀಗೆ ತೂರಿಸಿ, ಮುಂಗೈಯಿಂದ ಗಂಟೆ ಬಾರಿಸಿದಂತೆ ಅತ್ತಿತ್ತ ಆಡಿಸತೊಡಗಿದಳು. ಹನ್ನೆರಡು ಸೆಕೆಂಡು. ಹನ್ನೊಂದು. ಹತ್ತೂವರೆಗೆ ಎಂಟಾಯಿತು, ಕಾರು ಒಪ್ಪಲಿಲ್ಲ. ಆರ್ಡಿತ್ ಕಾರಿಗೆ ಒಂದು ಮಾತು ಅಂದಳು. ಚರ್ಚಿಗೆ ಹೋಗುವವಳ ಬಾಯಲ್ಲಿ ನಾನು ಅದನ್ನು ಮೊದಲು ಕೇಳಿರಲಿಲ್ಲ. ಆರನೆಯ ಸಲ ಒಂಬತ್ತೂ ಮುಕ್ಕಾಲು ಸೆಕೆಂಡು.

ಟಕ್.

ಅವಳು ತನ್ನ ಗುಂಡಿ ಒತ್ತಿದಳು. ಟಕ್. “ಈಗ ನಿಂದು!”

ವರ್ಲಿನ್ ಜೇಬು ತಟ್ಟಿಕೊಂಡ. ಇನ್ನೊಂದು ಜೇಬು ತಟ್ಟಿಕೊಂಡ. ರಿಮೋಟ್ ಅಡುಗೆಮನೆಯ ಗೂಟದಲ್ಲಿತ್ತು.

“ಓಡು!” ಎಂದಳು. ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆ ಮಾಡಿ ಅವನ ಸೊಂಟದ ಕೀಲಿಗೆ ಉಕ್ಕಿನ ಗುಂಡು ಹಾಕಿದ್ದರು. ಅವನು ಓಡಿದ್ದನ್ನು ಓಟ ಎನ್ನಲಾಗದು. ನಾನು ಇಪ್ಪತ್ತು ಎಣಿಸಿ ಮುಗಿಸಿದಾಗ ಅವನು ಎರಡನೆಯ ಮೆಟ್ಟಿಲಲ್ಲಿದ್ದ. ಆರ್ಡಿತ್ ಸ್ಟೀರಿಂಗ್ ಮೇಲೆ ಹಣೆ ಇಟ್ಟಳು. ಅಳುತ್ತಿದ್ದಾಳೆಂದುಕೊಂಡೆ. ಹತ್ತಿರ ಹೋದರೆ, ಹಣೆ ಎತ್ತದೆಯೇ, ಹಲ್ಲು ಕಚ್ಚಿಕೊಂಡು ಒಂದರಿಂದ ಎಂಟು ಎಣಿಸುತ್ತಿದ್ದಳು.

ಮತ್ತೆ ನಾಲ್ಕು ಸಲ ತಪ್ಪಿತು. ಐದನೆಯದಕ್ಕೆ ಆಯಿತು. ಇಬ್ಬರೂ ಒತ್ತಿದರು, ಒಬ್ಬರ ನಂತರ ಒಬ್ಬರು. ಇಳಿದು ಇಬ್ಬರೂ ಬೇರೆ ಬೇರೆ ಮೂಲೆಯಿಂದ ಒತ್ತಿ ನೋಡಿದರು. ಕಾರು ಇಬ್ಬರಿಗೂ ಕಣ್ಣು ಮಿಟುಕಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂವರಿಗೂ ಚಳಿಯಲ್ಲಿ ಮೂಗು ಸೋರುತ್ತಿತ್ತು.

“ಪಂದ್ಯ,” ಎಂದಳು ಆರ್ಡಿತ್.

ವರ್ಲಿನ್ ಯೋಚಿಸಿದ. ಅಳತೆ ನೋಡುವವನ ಮುಖ. “ನಾನು ಬಾಗಿಲು ತೆಗೆದೆ, ನಿಜ.”

“ತೆಗೆದೆ.”

“ಆದರೆ ಬೀಗ ವಾಪಸ್ ಹಾಕಿದೆ. ಆಮೇಲೆ ತೆಗೆದವಳು ನೀನು. ಒಲೆ ಎಷ್ಟಕ್ಕೆ ಹಚ್ಚಿದೆ?”

“ಐದೂ ನಲವತ್ತೆರಡು.”

“ಮೂರು ನಿಮಿಷ ಮೊದಲೇ.” ಅವನು ತಲೆಯಾಡಿಸಿದ. “ಪಾಸು.” ಒಳಗೆ ಹೋಗುತ್ತ ತಿರುಗಿ, “ಜನವರಿ ಇನ್ನೂ ಬಂದಿಲ್ಲ,” ಎಂದ.

“ಆ ಮಾತು ಎತ್ತಲ್ಲ ಅಂದಿದ್ದೆ.”

“ಹವಾಮಾನದ ಮಾತು ಆಡಿದೆ ಕಣೇ.”

ಅದಾಗಿ ಮೂರು ಚಳಿಗಾಲ ಕಳೆದಿವೆ. ಆರ್ಡಿತ್ ಈಗಲೂ ತಿಂಡಿ ಮಾಡುತ್ತಾಳೆ. ಹಿಟ್ಟು ನಾದಲು ಕಳೆದ ವರ್ಷ ಶಾಲೆಯವರು ಯಂತ್ರ ಕೊಟ್ಟಿದ್ದಾರೆ, ಅದನ್ನೂ ಬೈಯುತ್ತಾಳೆ. ಆ ಮರದ ಸೌಟು ಈಗ ಕಾರಿನ ಬಾಗಿಲಿಗೆಂದೇ ಹೆಗಲ ಚೀಲದಲ್ಲಿರುತ್ತದೆ, ಶಾಲೆಗೆ ಬೇರೆ ಕೊಂಡಿದ್ದಾಳೆ. ರಿಮೋಟಿನ ಕಾರ್ಡನ್ನು ಒಮ್ಮೆ ಡಬ್ಬಿಯಲ್ಲಿ ನೋಡಿದೆ. ಒಂಬತ್ತನೆಯದಕ್ಕೆ ಬೇರೆಲ್ಲೂ ಜಾಗವಿಲ್ಲದೆ ತಳದ ‘ಎಷ್ಟು ಜನಕ್ಕೆ’ ಸಾಲಿನಲ್ಲಿ ಒತ್ತೊತ್ತಾಗಿ ಬರೆದಿದ್ದಳು: ಇರುವಷ್ಟೂ ಒಟ್ಟಿಗೆ, ಇಲ್ಲದಿದ್ದರೆ ಮೊದಲಿಂದ.

ಐದೂ ಹದಿನೈದಕ್ಕೆ ನಾನು ಹೊರಬರುವಾಗ ಅವರ ವರಾಂಡದ ದೀಪ ಹತ್ತಿರುತ್ತದೆ. ವರ್ಲಿನ್ ಬಾಗಿಲಲ್ಲಿ ನಿಂತಿರುತ್ತಾನೆ, ಎರಡೂ ಕೈ ಬರಿದೆಂದು ಕಾಣುವ ಹಾಗೆ ಎದೆಗೆ ಕಟ್ಟಿಕೊಂಡು. ಅವಳು ಒತ್ತುತ್ತಾಳೆ, ಕಾರು ಕಣ್ಣು ಮಿಟುಕಿಸುತ್ತದೆ. ಆಮೇಲೆ ಅವನು ದೀಪ ಆರಿಸಿ ಮಲಗಲು ಹೋಗುತ್ತಾನೆ.